ಥೈರಾಯ್ಡ್ ಮಾತ್ರೆ ಮತ್ತು ರಕ್ತದೊತ್ತಡ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಬಿ.ಪಿ., ಶುಗರ್ ಜೊತೆಗೆ ಈಗ ಥೈರಾಯ್ಡ್ ಹೆಸರೂ ಸೇರಿಕೊಂಡಿದೆ. "ಈ ಮಾತ್ರೆಯಿಂದ ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರಿತು, ಅದಕ್ಕೇ ಬಿಟ್ಟುಬಿಟ್ಟೆ" ಎನ್ನುವ ತಾಯಂದಿರಿದ್ದಾರೆ. ಹೀಗೆ ತಾವಾಗಿಯೇ ಬಿಡುವುದು ಸರಿಯಲ್ಲ ಎಂಬುದೇ ನನ್ನ ಇಂದಿನ ಮಾತು.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. 1914ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಇದನ್ನು ಮೊದಲು ಬೇರ್ಪಡಿಸಿದರು. ಗ್ರಂಥಿ ಕಡಿಮೆ ಕೊಟ್ಟದ್ದನ್ನು ಮಾತ್ರೆ ತುಂಬಿಕೊಡುತ್ತದೆ, ಅಷ್ಟೇ. ಆದ್ದರಿಂದ ತೊಂದರೆ ಬರುವುದು ಹೆಚ್ಚಾಗಿ ಪ್ರಮಾಣ ತಪ್ಪಿದಾಗ.

ಪ್ರಮಾಣ ಹೆಚ್ಚಾದರೆ ಹೃದಯದ ಬಡಿತ ಜೋರಾಗುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ದೆ ಕೆಡುತ್ತದೆ, ಬಿ.ಪಿ.ಯ ಮೇಲಿನ ಸಂಖ್ಯೆ ಏರಬಹುದು. ಪ್ರಮಾಣ ಕಡಿಮೆಯಾದರೆ ರಕ್ತನಾಳಗಳು ಬಿಗಿಯಾಗಿ ಕೆಳಗಿನ ಸಂಖ್ಯೆ ಏರಬಹುದು. ಅಂದರೆ ಮಾತ್ರೆ ಬಿಟ್ಟರೂ ಬಿ.ಪಿ. ಏರಬಹುದು! ಯಾವುದು ಕಾರಣವೆಂದು ತಿಳಿಯಲು ಟಿ.ಎಸ್.ಎಚ್. ರಕ್ತಪರೀಕ್ಷೆ ಬೇಕು. ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ನಂತರ ಇದನ್ನು ಮತ್ತೆ ಮಾಡಿಸಬೇಕು. ಬಿ.ಪಿ.ಗೆ ಬೇರೆ ಕಾರಣಗಳೂ ಇರುತ್ತವೆ: ಹೆಚ್ಚು ಉಪ್ಪು, ಉಪ್ಪಿನಕಾಯಿ, ಆಗಾಗ ನುಂಗುವ ನೋವಿನ ಮಾತ್ರೆ.

ಇನ್ನು ಸೇವಿಸುವ ಕ್ರಮ. ನಮ್ಮದು ಕಾಫಿಯ ಜಿಲ್ಲೆ. ಎದ್ದ ಕೂಡಲೇ ಕಾಫಿ ಬೇಕು. ಆದರೆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಇಲ್ಲದಿದ್ದರೆ ಔಷಧ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಂಜಾನ್ ತಿಂಗಳಲ್ಲಿ ಸಹರಿಗೆ ಅರ್ಧ ಗಂಟೆಗೂ ಮೊದಲು, ಅಥವಾ ರಾತ್ರಿ ಊಟವಾಗಿ 3 ಗಂಟೆ ಕಳೆದು ಮಲಗುವಾಗ ಸೇವಿಸಬಹುದು. ಉಪವಾಸ ಆರಂಭಿಸುವ ಮೊದಲೇ ವೈದ್ಯರನ್ನು ಕೇಳಿ ನಿರ್ಧರಿಸಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅವರು ಮಾತ್ರೆ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಒಂದು ಕೆಲಸವಿದೆ. ಬಾಟಲಿಯ ಮೇಲಿನ ಇಂಗ್ಲಿಷ್ ಅಕ್ಷರ ನಿಮ್ಮ ಅಮ್ಮಿಗೆ, ದಾದಿಗೆ ಓದಲು ಬಾರದಿರಬಹುದು. 25, 50, 100 ಮೈಕ್ರೋಗ್ರಾಂ ಎಂಬ ಸಂಖ್ಯೆ ವೈದ್ಯರ ಚೀಟಿಯೊಂದಿಗೆ ಹೊಂದುತ್ತದೆಯೇ ಎಂದು ನೀವು ಓದಿ ಹೇಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಬಿ.ಪಿ. ನೋಡಿಸಿ. 5 ನಿಮಿಷ ಸುಮ್ಮನೆ ಕುಳಿತ ಮೇಲೆ ನೋಡಿದರೆ ಸರಿಯಾದ ಸಂಖ್ಯೆ ಸಿಗುತ್ತದೆ. ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಮನೆಯವರ ಆರೋಗ್ಯಕ್ಕೆ ನೆರವಾದರೆ ನಮ್ಮ ಶ್ರಮ ಸಾರ್ಥಕ.