ಕೂಡಿ ಬರೆದ ನಗೆಚಿತ್ರ

ಅಳಿಸುವುದಕ್ಕಿಂತ ನಗಿಸುವುದು ಕಷ್ಟವೆಂದು ನಾಟಕದವರು ಹೇಳುವುದುಂಟು. ಈ ಮಾತಿನ ನಿಜ ತಿಳಿಯಬೇಕಾದರೆ ನಾಟಕದ ಕಂಪೆನಿಯನ್ನು ಸೇರಬೇಕಾದುದಿಲ್ಲ. ಐದಾರು ಮಂದಿ ಹೈಸ್ಕೂಲು ವಿದ್ಯಾರ್ಥಿಗಳನ್ನು ಕೂಡಿಸಿ, ಅವರಿಂದ ಒಂದು ನಿಮಿಷದಷ್ಟು ಉದ್ದದ ಚಲಿಸುವ ನಗೆಚಿತ್ರವೊಂದನ್ನು ಮಾಡಿಸಿ ನೋಡಿದರೆ ಸಾಕು. ಅನಿಮೇಷನ್ ಎಂಬ ಹೆಸರಿನಿಂದ ಈಗ ಮನೆಮನೆಗೂ ಪರಿಚಿತವಾಗಿರುವ ಈ ಕಲೆಯನ್ನು ಕಂಪ್ಯೂಟರು ಬಲ್ಲವರ ವಿದ್ಯೆಯೆಂದೂ, ದೊಡ್ಡ ಊರುಗಳ ಸ್ಟುಡಿಯೋಗಳ ಸೊತ್ತೆಂದೂ ತಿಳಿದವರು ಅನೇಕರು. ವಾಸ್ತವವಾಗಿ ಅದು ಮೊದಲಿಗೆ ಕೈಯ ಕೆಲಸ. ಅದರೊಡನೆಯೇ ಎಣಿಕೆಯ ಕೆಲಸ. ಹಾಸ್ಯ ಸೇರಿದಾಗ ಔಚಿತ್ಯದ ಕೆಲಸವೂ ಆಗುತ್ತದೆ. ಈ ಮೂರನೆಯದನ್ನು ಕುರಿತು ನಾನು ಇಂದು ಮುಖ್ಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸ್ವಲ್ಪ ಸ್ವಲ್ಪವೇ ವ್ಯತ್ಯಾಸವುಳ್ಳ ಚಿತ್ರಗಳನ್ನು ಒಂದರ ಹಿಂದೊಂದರಂತೆ ಬೇಗ ಬೇಗನೆ ತೋರಿಸಿದರೆ, ನಮ್ಮ ಕಣ್ಣು ಮನಸ್ಸುಗಳು ಅವನ್ನು ಬಿಡಿ ಚಿತ್ರಗಳಾಗಿ ಕಾಣದೆ ಒಂದೇ ಚಲನೆಯಾಗಿ ಗ್ರಹಿಸುತ್ತವೆ. ಬೆಲ್ಜಿಯಂ ದೇಶದ ವಿಜ್ಞಾನಿ ಜೋಸೆಫ್ ಪ್ಲಾಟೋ 1832ರಲ್ಲಿ, ಅಂಚಿನಲ್ಲಿ ಸೀಳುಗಳುಳ್ಳ ಒಂದು ತಿರುಗುವ ತಟ್ಟೆಯ ಮೇಲೆ ಚಿತ್ರಗಳನ್ನು ಬರೆದು ಇದನ್ನು ತೋರಿಸಿಕೊಟ್ಟನು. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಎಂಬಾತ ಸುಮಾರು 700 ಗೆರೆಚಿತ್ರಗಳನ್ನು ಕೈಯಲ್ಲಿ ಬರೆದು ‘ಫಾಂಟಾಸ್ಮಗೋರಿ’ ಎಂಬ ಪುಟ್ಟ ಚಿತ್ರವನ್ನು ಮಾಡಿದನು. ಪೂರ್ಣವಾಗಿ ಕೈಬರಹದಿಂದಾದ ಚಲನಚಿತ್ರಗಳಲ್ಲಿ ಮೊದಮೊದಲಿನದೆಂದು ಎಣಿಸಲಾಗುವ ಈ ಚಿತ್ರ ಒಂದು ನಗೆಯಾಟವೇ ಆಗಿತ್ತೆಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ದಾದಾಸಾಹೇಬ ಫಾಲ್ಕೆಯವರು 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಕಿರುಚಿತ್ರ ತೆಗೆದರು. 1956ರಲ್ಲಿ ಮುಂಬಯಿಯ ಫಿಲಂಸ್ ಡಿವಿಜನ್ನಿನಲ್ಲಿ ಕಾರ್ಟೂನು ವಿಭಾಗ ಆರಂಭವಾಯಿತು. ಡಿಸ್ನಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬವರು ಬಂದು ಅಲ್ಲಿನ ನಮ್ಮ ಕಲಾವಿದರಿಗೆ ಶಿಕ್ಷಣ ಕೊಟ್ಟರು. ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬ್ಯಾನಿಯನ್ ಡಿಯರ್’ 1957ರಲ್ಲಿ ಅಲ್ಲಿಂದಲೇ ಹೊರಬಂದಿತು.

ಕನ್ನಡಿಗರಿಗೆ ಇದು ತೀರ ಹೊಸದೆನ್ನುವಂತಿಲ್ಲ. ಪರದೆಯ ಹಿಂದೆ ದೀಪವಿಟ್ಟು ತೊಗಲುಗೊಂಬೆಗಳನ್ನು ಆಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಬಂದಿದೆ. ರಾಮಾಯಣದ ಗಂಭೀರ ಪ್ರಸಂಗ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತ ಬಂಗಾರಕ್ಕರು ನಡುವೆ ನುಗ್ಗಿ ಜನರನ್ನು ನಗಿಸಿ ಹೋಗುತ್ತಾರೆ. ಪರದೆಯ ಮೇಲೆ ಚಲಿಸುವ ಬಣ್ಣದ ಚಿತ್ರ, ಅದರಿಂದ ಏಳುವ ನಗೆ, ಇವೆರಡೂ ನಮ್ಮ ಹಿರಿಯರಿಗೆ ಗೊತ್ತಿದ್ದುವು.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ. ಒಂಬತ್ತನೆಯ ತರಗತಿಯ ಆರು ಮಂದಿ ಹುಡುಗ ಹುಡುಗಿಯರು ಕೂಡಿ ಇಂಥದೊಂದು ಚಿತ್ರ ಮಾಡಿದಾಗ ನಾನು ಹತ್ತಿರವಿದ್ದು ನೋಡಿದೆ. ಅವರಲ್ಲಿದ್ದ ಸಲಕರಣೆಗಳು ಇಷ್ಟು: ಬಿಳಿಯ ಹಾಳೆ, ಪೆನ್ಸಿಲು, ಕಡತಗಳಿಗೆ ತೂತು ಹಾಕುವ ಯಂತ್ರ, ಒಂದು ಮೊಬೈಲು ಫೋನು. ಪ್ರತಿಯೊಂದು ಹಾಳೆಗೂ ಒಂದೇ ಸ್ಥಳದಲ್ಲಿ ಎರಡು ತೂತು ಹಾಕಿ, ಹಲಗೆಗೆ ನೆಟ್ಟ ಎರಡು ಗೂಟಗಳಿಗೆ ಸಿಕ್ಕಿಸಿದರೆ ಚಿತ್ರಗಳು ಅತ್ತಿತ್ತ ಸರಿಯುವುದಿಲ್ಲ. ಹಿಂದಿನ ಚಿತ್ರ ಕೆಳಗಿನಿಂದ ಕಾಣುವಂತಾಗಲು ಹಾಳೆಗಳನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬರೆಯುತ್ತಿದ್ದರು. ಬರೆದ ಹಾಳೆಗಳನ್ನು ಫೋನಿನಿಂದ ಒಂದೊಂದಾಗಿ ಚಿತ್ರ ತೆಗೆದು ಸೇರಿಸಿದರು. ಕಂಪ್ಯೂಟರು ಇರುವ ಶಾಲೆಗಳಿಗೆ ಪೆನ್ಸಿಲ್‌2ಡಿ, ಕ್ರೀಟಾ ಮೊದಲಾದ ಉಚಿತ ತಂತ್ರಾಂಶಗಳು ಸಿಗುತ್ತವೆ. ಆದರೆ ಮೊದಲನೆಯ ಪಾಠ ಕಾಗದದ ಮೇಲೆ ಆದರೇ ಒಳ್ಳೆಯದು.

ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕೆಂಬುದು ಅವರು ಮಾಡಿಕೊಂಡ ಕಟ್ಟಳೆ. ಅನೇಕ ಕಥೆಗಳು ಈ ಪರೀಕ್ಷೆಯಲ್ಲಿ ಬಿದ್ದುಹೋದುವು. ಕೊನೆಗೆ ಉಳಿದುದು ಇದು: ಮಧ್ಯಾಹ್ನ ಊಟ ಮಾಡಿ ಜಗುಲಿಯ ಮೇಲೆ ಮಲಗಿದವನೊಬ್ಬನ ಮೂಗಿನ ಮೇಲೆ ನೊಣವೊಂದು ಬಂದು ಕೂರುತ್ತದೆ. ಪಾತ್ರ ಎರಡು, ಸ್ಥಳ ಒಂದು, ಆಸೆ ಒಂದು, ಅಡ್ಡಿ ಒಂದು. ಅವನು ಮೊದಲು ಕೈಯಿಂದ ಹೊಡೆಯುತ್ತಾನೆ, ಆಮೇಲೆ ಬೀಸಣಿಗೆಯಿಂದ. ಪೆಟ್ಟು ಬೀಳುವುದು ತನ್ನ ಮುಖಕ್ಕೇ. ಕಡೆಗೆ ಹಾರಿ ಹಾರಿ ದಣಿದ ನೊಣ ಅವನ ಮೂಗಿನ ಮೇಲೆಯೇ ನಿದ್ರೆ ಹೋಗುತ್ತದೆ. ಅದಕ್ಕೆ ಎಚ್ಚರವಾದೀತೆಂದು ಹೆದರಿ ಅವನು ಕಣ್ಣು ಬಿಟ್ಟುಕೊಂಡು ಅಲ್ಲಾಡದೆ ಬಿದ್ದಿರುತ್ತಾನೆ.

ಈ ಕಥೆಯನ್ನು ಹನ್ನೆರಡು ಸಣ್ಣ ಚಿತ್ರಗಳಾಗಿ ಬರೆದು ಗೋಡೆಗೆ ಸಾಲಾಗಿ ಅಂಟಿಸಿದರು. ಸ್ಟೋರಿಬೋರ್ಡು ಎನ್ನುವುದು ಇದನ್ನೇ. ಆಮೇಲೆ ಮಲಗುವವನ ಮುಖ, ಹೊಟ್ಟೆ, ಕೈಕಾಲುಗಳ ಪ್ರಮಾಣವನ್ನು ಒಂದು ಹಾಳೆಯ ಮೇಲೆ ಗೊತ್ತುಮಾಡಿದರು. ಹೀಗೆ ಮಾಡದಿದ್ದರೆ ಆರು ಕೈಗಳಲ್ಲಿ ಆರು ಬೇರೆ ಬೇರೆ ಮನುಷ್ಯರು ಹುಟ್ಟಿಯಾರು.

ಮುಂದಿನದು ಎಣಿಕೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮುಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಹಾಗಾದರೂ ಒಂದು ನಿಮಿಷಕ್ಕೆ 720 ಚಿತ್ರ! ಈ ಲೆಕ್ಕ ಕೇಳಿ ಮಕ್ಕಳು ಮುಖ ಸಣ್ಣದು ಮಾಡಿದರು. ಆದರೆ ಮನುಷ್ಯ ಸುಮ್ಮನೆ ಮಲಗಿರುವಾಗ ಹೊಸ ಚಿತ್ರ ಬೇಕಾಗಿಲ್ಲ. ನೊಣದ ರೆಕ್ಕೆಯ ನಾಲ್ಕು ಚಿತ್ರಗಳನ್ನೇ ಮತ್ತೆ ಮತ್ತೆ ಬಳಸಬಹುದು. ಜಗುಲಿಯನ್ನು ಬೇರೆ ಹಾಳೆಯಲ್ಲಿ ಒಮ್ಮೆ ಬರೆದರಾಯಿತು. ಹೀಗೆ ಹಂಚಿಕೆ ಮಾಡಿದಾಗ ಮುನ್ನೂರಕ್ಕೂ ಕಡಮೆ ಚಿತ್ರಗಳಲ್ಲಿ ಕೆಲಸ ಮುಗಿಯಿತು. ಸೋಮಾರಿತನಕ್ಕೂ ಮಿತವ್ಯಯಕ್ಕೂ ಇರುವ ಅಂತರವನ್ನು ಅವರು ಇಲ್ಲಿ ಕಂಡುಕೊಂಡರು.

ನೊಣ ಕುಳಿತ ಮೇಲೆ ಎಷ್ಟು ಹೊತ್ತಿಗೆ ಏಟು ಬೀಳಬೇಕು? ಇದರ ಮೇಲೆ ಎರಡು ದಿನ ಚರ್ಚೆಯಾಯಿತು. ಅರ್ಧ ಸೆಕೆಂಡಿಗೇ ಹೊಡೆದರೆ ನೋಡುವವರಿಗೆ ನೊಣ ಕುಳಿತುದೇ ತಿಳಿಯಲಿಲ್ಲ. ಒಂದು ಸೆಕೆಂಡು ಬಿಟ್ಟು ಹೊಡೆದರೆ ಕಥೆ ತಿಳಿಯಿತು, ನಗು ಬರಲಿಲ್ಲ. ಎರಡು ಸೆಕೆಂಡು ತಡೆದು, ನಡುವೆ ಮೂಗನ್ನು ಒಮ್ಮೆ ಅಲುಗಿಸಿ, ಆಮೇಲೆ ಹೊಡೆದಾಗ ಎಲ್ಲರೂ ನಕ್ಕರು. “ಸಾರ್, ನಗು ಏಟಿನಲ್ಲಿಲ್ಲ, ಕಾಯೋದರಲ್ಲಿದೆ” ಎಂದಳು ಒಬ್ಬ ಹುಡುಗಿ. ನಮ್ಮ ಛಂದಸ್ಸಿನಲ್ಲಿಯೂ ಹೀಗೆಯೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡಿಗೆಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಓದುವವನ ನಾಲಗೆ ಎಡವುತ್ತದೆ. ಪ್ರಸ್ತಾರ ಹಾಕಿರೆಂದರೆ ಆಕಳಿಸುವ ಮಕ್ಕಳು ಇಲ್ಲಿ ಫ್ರೇಮುಗಳನ್ನು ಬೆರಳು ಮಡಚಿ ಎಣಿಸಿದುದನ್ನು ನೋಡಿ ನನಗೆ ಸಂತೋಷವೂ ಆಯಿತು, ಸ್ವಲ್ಪ ಅಸೂಯೆಯೂ ಆಯಿತು.

ಏಟಿನ ಚಿತ್ರಣಕ್ಕೂ ಶಾಸ್ತ್ರವುಂಟು. ಕೈ ಕೆಳಗೆ ಬರುವ ಮುನ್ನ ಮೇಲಕ್ಕೆ ಹೋಗಬೇಕು. ಆಗ ನೋಡುವವನು ಸಿದ್ಧನಾಗುತ್ತಾನೆ. ಏಟು ಬಿದ್ದ ಕೆನ್ನೆ ಕುಗ್ಗಿ ಮತ್ತೆ ಹಿಗ್ಗಬೇಕು. ಆದರೆ ಒಂದು ಕಡೆ ತಗ್ಗಿದಷ್ಟು ಮತ್ತೊಂದು ಕಡೆ ಉಬ್ಬದಿದ್ದರೆ ಮುಖ ಮಾಂಸದ್ದಾಗಿ ಕಾಣದು. ಡಿಸ್ನಿಯ ಹಳೆಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ ಎಂಬವರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಹನ್ನೆರಡು ಸೂತ್ರಗಳನ್ನು ಹೇಳಿದ್ದಾರೆ. ಹನ್ನೆರಡನ್ನೂ ಮಕ್ಕಳ ತಲೆಗೆ ತುಂಬಬೇಕಾಗಿಲ್ಲ. ಈ ಎರಡು ತಿಳಿದರೆ ಮೊದಲ ಚಿತ್ರಕ್ಕೆ ಸಾಕು.

ಇಷ್ಟರವರೆಗೆ ಕಾಲದ ಅಳತೆಯನ್ನು ಹೇಳಿದೆನು. ಹಾಸ್ಯಕ್ಕೆ ಇನ್ನೊಂದು ಅಳತೆಯೂ ಬೇಕು. ಜಗುಲಿಯ ಮನುಷ್ಯ ನೊಣವನ್ನು ಬಯ್ಯುವಾಗ ತೊದಲಬೇಕೆಂದು ಒಬ್ಬ ಹುಡುಗ ಸೂಚಿಸಿದ. ಬಾಯಿಂದ ತೊದಲಿ ತೋರಿಸಿಯೂ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಏಕೆಂದರೆ ಆ ತೊದಲು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅದು ಅದೇ ಗುಂಪಿನ ಇನ್ನೊಬ್ಬ ಹುಡುಗನದು. ಜಗುಲಿ, ಕಂಬ, ಬಾಗಿಲುಗಳನ್ನು ಬರೆಯುತ್ತಿದ್ದವನು ಅವನು. ಅವನೂ ನಕ್ಕ. ಮಾರನೆಯ ದಿನ ಬಂದು, ಬರೆದು ಮುಗಿಸಿದ ಜಗುಲಿಯ ಚಿತ್ರವನ್ನು ಮೇಜಿನ ಮೇಲಿಟ್ಟು, ತನ್ನ ಕೆಲಸ ಮುಗಿಯಿತೆಂದು ಹೇಳಿ ಹೊರಟುಹೋದ.

ಆಗ ನಾನು ಉಪದೇಶ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: “ಅವನನ್ನು ಕಾಣದ ಬೇರೆ ಊರಿನವರಿಗೆ ಇದನ್ನು ತೋರಿಸಿದರೆ, ಅವರು ಯಾವುದಕ್ಕೆ ನಗುತ್ತಾರೆ?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಗೋಡೆಯ ಚಿತ್ರಗಳನ್ನೆಲ್ಲ ಮತ್ತೊಮ್ಮೆ ನೋಡಿದರು. ಮಲಗುವವನ ಸಿಟ್ಟು, ತಾನು ನೊಣಕ್ಕಿಂತ ಜಾಣನೆಂಬ ಅವನ ಹಮ್ಮು, ಕೊನೆಗೆ ಆ ಹಮ್ಮು ಇಳಿದುಹೋಗುವುದು, ಇವೆಲ್ಲ ಎಲ್ಲಿಯವರಿಗಾದರೂ ನಗೆ ತರುತ್ತವೆ. ತೊದಲಿನಿಂದ ಆ ಹಮ್ಮಿಗೆ ಏನೂ ಸೇರುವುದಿಲ್ಲ. ಮನುಷ್ಯ ಮಾತೇ ಆಡಕೂಡದೆಂದು ಅವರು ತೀರ್ಮಾನಿಸಿದರು. ಹೋದವನನ್ನು ಕರೆಯಲು ಹೊರಟವನು, ತೊದಲಿ ತೋರಿಸಿದ ಹುಡುಗನೇ. ಅವನನ್ನು ನಾನು ಕಳುಹಿಸಿದುದಲ್ಲ. ಅವರಿಬ್ಬರಲ್ಲಿ ಏನು ಮಾತು ನಡೆಯಿತೋ ನಾನು ಕೇಳಲಿಲ್ಲ. ಎರಡು ದಿನ ಬಿಟ್ಟು ಅವನು ಬಂದ; ನೊಣ ನಿದ್ರೆ ಹೋಗುವ ಭಾಗವನ್ನು ಬರೆದುಕೊಟ್ಟ.

ಭರತಮುನಿಯು ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಸ್ಮಿತ ಹಸಿತಗಳು ಉತ್ತಮರವು. ವಿಹಸಿತ ಉಪಹಸಿತಗಳು ಮಧ್ಯಮರವು. ಅಪಹಸಿತ ಅತಿಹಸಿತಗಳು ಅಧಮರವು. ವೇಷದಲ್ಲಿ, ಮಾತಿನಲ್ಲಿ, ನಡೆಯಲ್ಲಿ ಏನೋ ಒಂದು ವಿಕಾರ ಕಂಡಾಗ ನಗೆ ಹುಟ್ಟುತ್ತದೆಂಬುದು ಶಾಸ್ತ್ರದ ಮಾತು. ಅಂದರೆ ಹಾಸ್ಯದ ಬೇರು ಅನೌಚಿತ್ಯದಲ್ಲಿದೆ. ಆದರೆ ಅದನ್ನು ಕಾವ್ಯವಾಗಿಯೋ ಚಿತ್ರವಾಗಿಯೋ ಮಾಡುವವನಿಗೆ ಔಚಿತ್ಯ ಬೇಕು. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನೇ ಕಾವ್ಯದ ಜೀವವೆಂದು ಎತ್ತಿ ಹಿಡಿದನು. ಅಲಂಕಾರಶಾಸ್ತ್ರದ ಈ ಮಾತು ಪರೀಕ್ಷೆಯ ಉತ್ತರವಾಗಿ ಮಾತ್ರ ಉಳಿಯದೆ, ಪಕ್ಕದಲ್ಲಿ ಕುಳಿತ ಗೆಳೆಯನ ಮುಖವನ್ನು ನೋಡುವ ಕಣ್ಣಾಗಬೇಕಾದರೆ ಇಂಥ ಕೆಲಸ ಬೇಕು. ನಗೆಯ ವಿಷಯವನ್ನು ಒಬ್ಬನೇ ಕುಳಿತು ಬರೆಯುವಾಗ ನೊಂದವನು ಎದುರಿಗಿರುವುದಿಲ್ಲ. ಕೂಡಿ ಬರೆಯುವಾಗ ಅವನು ಅದೇ ಬೆಂಚಿನ ಮೇಲಿರುತ್ತಾನೆ.

ಕೂಡಿ ಮಾಡುವ ಕೆಲಸದಲ್ಲಿ ತ್ಯಾಗವೂ ಇದೆ. ಬೀಸಣಿಗೆ ಬೀಸುವ ಭಾಗಕ್ಕೆ ಒಬ್ಬ ಹುಡುಗ 36 ಚಿತ್ರಗಳನ್ನು ಬಹಳ ಅಂದವಾಗಿ ಬರೆದಿದ್ದ. ಓಡಿಸಿ ನೋಡಿದರೆ ಆ ಮೂರು ಸೆಕೆಂಡುಗಳಲ್ಲಿ ಕಥೆ ನಿಂತೇ ಹೋಗುತ್ತಿತ್ತು. ಹನ್ನೆರಡು ಇಟ್ಟುಕೊಂಡು ಉಳಿದುದನ್ನು ತೆಗೆಯಬೇಕೆಂದಾಗ ಅವನ ಕಣ್ಣಲ್ಲಿ ನೀರಾಡಿತು. ತೆಗೆದ 24 ಚಿತ್ರಗಳನ್ನು ಅವನು ದಾರದಿಂದ ಹೊಲಿದು ಪುಸ್ತಕ ಮಾಡಿಕೊಂಡ. ಹೆಬ್ಬೆರಳಿನಿಂದ ಹಾಳೆಗಳನ್ನು ಬಿಟ್ಟರೆ ಬೀಸಣಿಗೆ ಈಗಲೂ ಬೀಸುತ್ತದೆ.

ಶಬ್ದವನ್ನು ಶಾಲೆಯಲ್ಲಿಯೇ ಮಾಡಿದರು. ಬಾಚಣಿಗೆಗೆ ತೆಳು ಕಾಗದ ಸುತ್ತಿ ಊದಿದಾಗ ನೊಣದ ಗುಂಯ್‌ಗುಟ್ಟುವಿಕೆ ಬಂದಿತು. ಪ್ರಾರ್ಥನೆಯ ಹಾರ್ಮೋನಿಯಂನ ಕೆಳಗಿನ ಮನೆಗಳಲ್ಲಿ ಗೊರಕೆ ದೊರೆಯಿತು. ಶಬ್ದವೂ ಚಿತ್ರವೂ ಕರಾರುವಾಕ್ಕಾಗಿ ಹೊಂದಿದಾಗ ಎಂಥ ನಗೆ ಹುಟ್ಟುತ್ತದೆಂಬುದನ್ನು 1928ರಲ್ಲಿ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ ಲೋಕಕ್ಕೆ ತೋರಿಸಿತು. ನಮ್ಮ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದುದು ಮೌನ. ಗುಂಯ್ ಎನ್ನುವ ಸದ್ದು ಥಟ್ಟನೆ ನಿಂತ ಆ ಎರಡು ಸೆಕೆಂಡುಗಳಲ್ಲಿ, ನೊಣ ಎಲ್ಲಿ ಕುಳಿತಿತೋ ಎಂದು ನೋಡುವವರೇ ತಮ್ಮ ಮೂಗು ಮುಟ್ಟಿಕೊಳ್ಳುತ್ತಾರೆ.

ಚಿತ್ರವನ್ನು ಮೊದಲು ಏಳನೆಯ ತರಗತಿಯವರಿಗೆ ತೋರಿಸಿದೆವು. ಏಟಿಗೆ ನಗುತ್ತಾರೆಂದು ಎಣಿಸಿದ್ದೆವು. ಅವರು ಹೆಚ್ಚು ನಕ್ಕುದು, ನೊಣ ಇನ್ನೂ ದೂರದಲ್ಲಿರುವಾಗಲೇ ಮಲಗಿದವನು ಒಂದು ಕಣ್ಣನ್ನು ಮೆಲ್ಲನೆ ತೆರೆದಾಗ. ಕೊನೆಯಲ್ಲಿ ಆರು ಹೆಸರುಗಳು ಅಕಾರಾದಿಯಾಗಿ ಬಂದುವು. ಯಾರು ಎಷ್ಟು ಬರೆದರೆಂಬುದನ್ನು ಅಲ್ಲಿ ಹೇಳಿರಲಿಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಐದಾರು ಮಂದಿಗಿಂತ ದೊಡ್ಡ ಗುಂಪು ಬೇಡ, ಒಂದು ನಿಮಿಷಕ್ಕಿಂತ ಉದ್ದದ ಚಿತ್ರ ಬೇಡ, ಮಾತು ಬೇಡ. ಚೆನ್ನಾಗಿ ಬರೆಯಬಲ್ಲವರನ್ನೇ ಆರಿಸಬೇಡಿರಿ. ಎಣಿಸುವವನು, ಸದ್ದು ಮಾಡುವವಳು, ಸುಮ್ಮನೆ ಕುಳಿತು ನೋಡಿ ಇದು ನಗು ಬರಿಸುವುದಿಲ್ಲವೆಂದು ಹೇಳಬಲ್ಲವನು, ಎಲ್ಲರೂ ಬೇಕು. ಮೂರು ವಾರಗಳ ಸಂಜೆಗಳು ಸಾಕಾಗುತ್ತವೆ. ಮೊದಲನೆಯ ದಿನ ಹಳೆಯ ನೋಟುಪುಸ್ತಕದ ಅಂಚಿನಲ್ಲಿ ಪುಟಕ್ಕೊಂದರಂತೆ ಇಪ್ಪತ್ತು ಚುಕ್ಕೆಗಳನ್ನು, ಒಂದಕ್ಕಿಂತ ಒಂದು ಸ್ವಲ್ಪ ಮೇಲೆ, ಇಡಲು ಹೇಳಿರಿ. ಪುಟಗಳನ್ನು ಸರಸರನೆ ಬಿಟ್ಟಾಗ ಚುಕ್ಕೆ ಏರಿಹೋಗುವುದನ್ನು ಕಂಡ ಮಕ್ಕಳು ಎರಡನೆಯ ದಿನ ಕರೆಯದೆಯೇ ಬರುತ್ತಾರೆ.