ಸೂಜಿ ಚುಚ್ಚದೆ ಕೂಸಿನ ಮೈನೀರಿನ ಅಳತೆ

ದಿನ ತುಂಬಿ ಹುಟ್ಟಿದ ಕೂಸಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಮೂರು ಕಿಲೋ ಕೂಸಿನ ಮೈಯಲ್ಲಿ ಎರಡೂಕಾಲು ಲೀಟರಿನಷ್ಟು ನೀರಿರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಈ ಪಾಲು ಇನ್ನೂ ಹೆಚ್ಚು. ತೆಳ್ಳನೆಯ ಚರ್ಮದಿಂದ, ಉಸಿರಿನಿಂದ ನೀರು ಆರುತ್ತಲೇ ಇರುತ್ತದೆ. ಅದನ್ನು ಹಿಡಿದಿಡುವ ಶಕ್ತಿ ಎಳೆಯ ಮೂತ್ರಪಿಂಡಕ್ಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹಾಗಾದರೆ ರಕ್ತ ತೆಗೆಯದೆ ಈ ನೀರನ್ನು ಅಳೆಯಬಹುದೇ?

ಅಳೆಯಬಹುದು. ನಮ್ಮ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ, ಬೇಲರ್ ವೈದ್ಯಕೀಯ ಕಾಲೇಜಿನ ಮಕ್ಕಳ ಪೋಷಣಾ ಸಂಶೋಧನಾ ಕೇಂದ್ರದಲ್ಲಿ, ನ್ಯಾನ್ಸಿ ಬ್ಯೂಟ್ ಮತ್ತು ಸಂಗಡಿಗರು 76 ಮಕ್ಕಳ ಮೈರಚನೆಯನ್ನು ಎರಡು ವಾರದ ವಯಸ್ಸಿನಿಂದ ಎರಡು ವರ್ಷದವರೆಗೆ ಅಳೆದು 2000ರಲ್ಲಿ ಪ್ರಕಟಿಸಿದರು. ಮೈನೀರಿಗೆ ಅವರು ಬಳಸಿದ್ದು ಡ್ಯುಟೀರಿಯಂ ವಿಧಾನ. ಡ್ಯುಟೀರಿಯಂ ಎಂದರೆ ತುಸು ಭಾರವಾದ, ವಿಕಿರಣವಿಲ್ಲದ ಹೈಡ್ರೋಜನ್. ಅದಿರುವ ನೀರನ್ನು ಅಳತೆಮಾಡಿ ಬಾಯಿಗೆ ಹಾಕುತ್ತಾರೆ. ಕೆಲವು ಗಂಟೆಗಳ ನಂತರ ಉಚ್ಚೆಯಲ್ಲೋ ಜೊಲ್ಲಿನಲ್ಲೋ ಅದು ಎಷ್ಟು ತೆಳುವಾಗಿದೆ ಎಂದು ನೋಡುತ್ತಾರೆ. ಬಿಂದಿಗೆಗೆ ಒಂದು ಚಮಚ ಬಣ್ಣ ಕದಡಿ, ಬಣ್ಣ ಎಷ್ಟು ತಿಳಿಯಾಯಿತೆಂಬುದರಿಂದ ಒಳಗಿನ ನೀರನ್ನು ಲೆಕ್ಕಹಾಕಿದಂತೆ. ಇದು ನಿಖರ, ಆದರೆ ಪ್ರಯೋಗಾಲಯದ ಕೆಲಸ.

ಇನ್ನೊಂದು ದಾರಿ ವಿದ್ಯುತ್ತಿನದು. ಕೈಗೂ ಕಾಲಿಗೂ ಪಟ್ಟಿ ಅಂಟಿಸಿ, ಕೂಸಿಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಸುತ್ತಾರೆ. ಉಪ್ಪಿನಂಶವಿರುವ ಮೈನೀರಿನಲ್ಲಿ ಅದು ಸಲೀಸಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಆ ತಡೆಯಿಂದ ನೀರನ್ನು ಅಂದಾಜು ಮಾಡುತ್ತಾರೆ. ಆದರೆ ಕೂಸು ಮಿಸುಕಾಡಿದರೆ, ಪಟ್ಟಿ ತುಸು ಸರಿದರೆ ಲೆಕ್ಕ ತಪ್ಪುತ್ತದೆ. ಒಂದು ವಯಸ್ಸಿನ ಸೂತ್ರ ಇನ್ನೊಂದಕ್ಕೆ ಹೊಂದುವುದೂ ಇಲ್ಲ.

ಹಾಗಾಗಿ ಇಂದಿಗೂ ಆಸ್ಪತ್ರೆಯಲ್ಲಿ ಮೊದಲು ನಂಬುವುದು ತಕ್ಕಡಿಯನ್ನೇ. ಮೊದಲ ಕೆಲವು ದಿನಗಳಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಸ್ವಲ್ಪ ಇಳಿಯುವುದು ಸಹಜ. ಹುಟ್ಟಿದಾಗಿನ ತೂಕದ ನೂರಕ್ಕೆ ಹತ್ತರಷ್ಟು ಇಳಿದರೆ, ಅಂದರೆ ಮೂರು ಕಿಲೋ ಕೂಸಿಗೆ 300 ಗ್ರಾಂ, ಡಾಕ್ಟರು ಹಾಲು ಕುಡಿಯುವ ಬಗೆಯನ್ನು ಕೂಡಲೇ ಪರೀಕ್ಷಿಸಬೇಕು. ಎರಡು ವಾರದೊಳಗೆ ತೂಕ ಮೊದಲಿನಷ್ಟಾಗಬೇಕು.

ಮನೆಯಲ್ಲಿ ನಾವು ನೋಡಬೇಕಾದದ್ದು ಡಯಾಪರ್. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಒದ್ದೆಯಾಗಬೇಕು. ಬಾಯಿ ಒಣಗುವುದು, ನೆತ್ತಿ ಕುಳಿಬೀಳುವುದು, ಹಾಲಿಗೂ ಏಳದಷ್ಟು ಮಂಪರು ಕಂಡರೆ ಡಾಕ್ಟರಿಗೆ ತೋರಿಸಲು ತಡಮಾಡಬೇಡಿ.

ನಾವಿರುವ ಟೆಕ್ಸಸ್ಸಿನ ಮೆಕಿನ್ನಿ ಊರಿನಲ್ಲಿ ಬೇಸಿಗೆಯ ಬಿಸಿ 38 ಡಿಗ್ರಿ ದಾಟುತ್ತದೆ. ಬಾಣಂತನಕ್ಕೆ ಊರಿನಿಂದ ಬಂದ ಅಜ್ಜಿಯಂದಿರಿಗೆ ಕೂಸಿಗೆ ಎರಡು ಚಮಚ ನೀರು ಹಾಕಬೇಕೆನಿಸುವುದು ಮಮತೆಯಿಂದಲೇ. ಆದರೂ ಆರು ತಿಂಗಳವರೆಗೆ ಬರಿ ನೀರು ಬೇಡ. ಅದು ರಕ್ತದ ಸೋಡಿಯಂ ತಗ್ಗಿಸಿ ಫಿಟ್ಸ್ ತರಬಲ್ಲದು. ಎದೆಹಾಲಿನಲ್ಲಿ ಕೂಸಿಗೆ ಬೇಕಾದಷ್ಟು ನೀರಿದೆ.

ಆಸ್ಪತ್ರೆಯಿಂದ ಮನೆಗೆ ಬಂದಮೇಲೆ, ಕೂಸು ಹುಟ್ಟಿದ ಮೂರರಿಂದ ಐದನೇ ದಿನದೊಳಗೆ ಮಕ್ಕಳ ಡಾಕ್ಟರ ಬಳಿ ಹೋಗಿ ತೂಕ ನೋಡಿಸಿ. ಕೂಸು ಚೆನ್ನಾಗಿಯೇ ಇದೆ ಅನಿಸಿದರೂ ಆ ಭೇಟಿಯನ್ನು ದಯವಿಟ್ಟು ತಪ್ಪಿಸಬೇಡಿ.