ಹೂ ಬಿಡುವ ಮುನ್ನ



ಮಳೆ ಬಿದ್ದೊಡನೆ ನಮ್ಮ ಹುಕ್ಕೇರಿ ಸೀಮೆಯ ಬದುಗಳ ಮೇಲೆ, ಹಿರಣ್ಯಕೇಶಿಯ ದಂಡೆಯ ಮೇಲೆ, ಹಿಡಕಲ್ ಜಲಾಶಯದ ಕಾಲುವೆಗಳ ಏರಿಯ ಮೇಲೆ ಒಂದು ಹಸಿರು ಏಳುತ್ತದೆ. ಅದು ಬೆಳೆಯಲ್ಲ, ನೀವು ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ. ಅಮೇರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಗಾಳಿ, ನೀರು, ಗಾಡಿಯ ಗಾಲಿ ಅದನ್ನು ಎಲ್ಲೆಡೆ ಹೊತ್ತು ತಂದವು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ದನ ಅದನ್ನು ಮೂಸಿ ಬಿಡುತ್ತದೆ; ಹಸಿವಿನಿಂದ ತಿಂದರೆ ಹಾಲು ಕಹಿಯಾಗುತ್ತದೆ. ಬರಿಗೈಯಿಂದ ಕಿತ್ತವರಿಗೆ ತುರಿಕೆ, ಕೆಲವರಿಗೆ ಉಬ್ಬಸ.

ಇದನ್ನು ತಿನ್ನಲೆಂದು ವಿಜ್ಞಾನಿಗಳು ಮೆಕ್ಸಿಕೋದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆ ತಿನ್ನುತ್ತದೆ, ಆಮೇಲೆ ಮಣ್ಣು ಸೇರಿ ಮಲಗುತ್ತದೆ. ಒಳ್ಳೆಯದೇ. ಆದರೆ ದುಂಬಿ ಮಲಗಿತೆಂದು ಒಕ್ಕಲಿಗ ಮಲಗಬಾರದು.

ನಮ್ಮ ತಪ್ಪನ್ನೂ ಹೇಳಬೇಕು. ಮಠದ ಹಿತ್ತಿಲಲ್ಲಿ ಈ ಕಸ ಬೆಳೆದಿತ್ತು. ಜಾತ್ರೆಯ ಹೊತ್ತಿಗೆ ಕೀಳಿಸೋಣ ಎಂದು ಸುಮ್ಮನಿದ್ದೆವು. ದರ್ಶನಕ್ಕೆ ಬಂದ ಮುದುಕಿಯೊಬ್ಬಳು ನೋಡಿ, "ಅಜ್ಜಾರ, ಹೂ ಬಿಟ್ಟ ಮ್ಯಾಲ ಕಿತ್ತರ ಬಿತ್ತಿದಂಗ ಆಗತೈತ್ರಿ" ಎಂದಳು. ನಾಚಿಕೆಯಾಯಿತು. ಆ ತಾಯಿ ಶಾಲೆ ಕಂಡವಳಲ್ಲ. ಆದರೂ ನಮಗೆ ಪಾಠ ಹೇಳಿದಳು. ನೆಲ ಹಸಿ ಇದ್ದಾಗ ಬೇರು ಸಹಿತ ಕೀಳಬೇಕು. ಕುಡುಗೋಲಿನಿಂದ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ಕೈಗೆ ಅರಿವೆ ಸುತ್ತಿಕೊಳ್ಳಬೇಕು. ಹೂವಿಲ್ಲದ್ದು ತಿಪ್ಪೆಗೆ ಗೊಬ್ಬರ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಕಿತ್ತ ಜಾಗ ಬರಿದಾಗಿ ಇರಬಾರದು. ಅಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಕಸಕ್ಕೆ ಎಡೆ ಕೊಡುವುದಿಲ್ಲ.

ಹೊಲದೊಳಗಿನದನ್ನು ನೀವು ಎಡೆಕುಂಟೆ ಹೊಡೆದು ತೆಗೆಯುತ್ತೀರಿ. ಬದುವಿನದು ಏಕೆ ಉಳಿಯುತ್ತದೆ? ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ; ಅದೇ ಬದುವಿನ ಕಸ ಮಾತ್ರ ಯಾರದೂ ಅಲ್ಲ! ಬೀಜಕ್ಕೆ ನಿಮ್ಮ ಸರ್ವೇ ನಂಬರು ತಿಳಿಯುವುದಿಲ್ಲ.

ಮನಸ್ಸಿನ ಹೊಲವೂ ಹೀಗೆಯೇ. ಮತ್ಸರ ಎಳೆಯದಿದ್ದಾಗ ಎರಡು ಬೆರಳಿಗೆ ಬರುತ್ತದೆ. ಹೂ ಬಿಟ್ಟ ಮೇಲೆ ಮನೆತನವನ್ನೇ ಮುತ್ತುತ್ತದೆ. ಕಿತ್ತರೆ ಸಾಲದು, ಆ ಜಾಗದಲ್ಲಿ ಒಳ್ಳೆಯದನ್ನು ಬಿತ್ತಬೇಕು. ಒಕ್ಕಲಿಗ ಮುದ್ದಣ್ಣನಂಥ ಶರಣರು ನೇಗಿಲು ಹಿಡಿದೇ ಶಿವನನ್ನು ಕಂಡವರು.

ಬರುವ ಸೋಮವಾರ ಮನೆಗೊಬ್ಬರು ಬನ್ನಿ. ಉಬ್ಬಸ ಇದ್ದವರು ಬರುವುದು ಬೇಡ. ಕಳೆ ತೆಗೆಯಲು ಕೂಲಿಗೆ ಬರುವ ತಾಯಂದಿರಿಗೆ ಕೂಲಿಯ ಜೊತೆ ಕೈಚೀಲ ಕೊಡಿರಿ. ಅವರ ಕೈಯೂ ಶಿವನ ಕೈಯೇ. ಮೊದಲು ಮಠದ ಹಿತ್ತಿಲು, ಆಮೇಲೆ ನಿಮ್ಮ ಬದು.